ಪೀಚ್ ಪಾನಕ

2012ರ ಜೂನ್. ಅಮ್ಮ ಹಾಸನದಿಂದ ಬಂದು ಹತ್ತು ದಿನ ಆಗಿತ್ತು. ಜರ್ಸಿ ಸಿಟಿಯಿಂದ ರೈಲು ಹತ್ತಿಸಿ, ಮ್ಯಾನ್‌ಹ್ಯಾಟನ್ ತೋರಿಸುತ್ತಾ ಯೂನಿಯನ್ ಸ್ಕ್ವೇರ್‌ವರೆಗೂ ನಡೆಸಿಬಿಟ್ಟಿದ್ದೆ. ಬಿಸಿಲು ಅಂದ್ರೆ ಬಿಸಿಲು. ಅಮೆರಿಕ ಅಂದ್ರೆ ಚಳಿ ಅಂತ ಸ್ವೆಟರ್ ಬೇರೆ ಹಿಡಿದುಕೊಂಡಿದ್ದಳು. ಬೆಂಚಿನ ಮೇಲೆ ಕೂತವಳೇ, "ಒಂದು ಟೀ ಸಿಗುತ್ತಾ ನೋಡು" ಅಂದಳು.

ಅಷ್ಟು ಹೊತ್ತಿಗೆ ನನಗೂ ಕಾಲು ಸೋತಿತ್ತು. ಮೂಲೆ ಅಂಗಡಿಗೆ ಹೋದೆ. ಫ್ರಿಜ್‌ನಲ್ಲಿ ಸ್ನ್ಯಾಪಲ್ ಅನ್ನೋ ಕಂಪನಿಯ ಪಾನೀಯದ ಬಾಟಲಿಗಳ ಸಾಲು. ನಿಂಬೆ ಟೀ, ರಾಸ್ಪ್‌ಬೆರಿ ಟೀ, ಕಿವಿ ಸ್ಟ್ರಾಬೆರಿ, ಮ್ಯಾಂಗೋ ಮ್ಯಾಡ್ನೆಸ್. ಮಾವಿನ ಹಣ್ಣಿನ ಕಾಲದಲ್ಲಿ ಊರು ಬಿಟ್ಟು ಬಂದವಳಿಗೆ ಬಾಟಲಿ ಮಾವು ಕೊಟ್ಟರೆ ಬೈಗುಳ ಗ್ಯಾರಂಟಿ. ಪೀಚ್ ಟೀ ಎತ್ತಿಕೊಂಡೆ.

ಮುಚ್ಚಳ ತಿರುಗಿಸಿದರೆ ಟಪ್ ಅಂತು. ಅಮ್ಮ ಬೆಚ್ಚಿದಳು. ಒಂದು ಗುಟುಕು ಕುಡಿದು, ಬಾಯಲ್ಲೇ ಸ್ವಲ್ಪ ಹೊತ್ತು ಇಟ್ಟುಕೊಂಡು ನುಂಗಿದಳು. "ಇದು ಟೀ ಅಲ್ಲ ಕಣೋ. ಪಾನಕ."

ಹಾಗಂತ ಕೆಳಗಿಡಲಿಲ್ಲ.

ಅವಳಿಗೆ ಕುತೂಹಲ ಇದ್ದಿದ್ದು ಆ ಟಪ್ ಶಬ್ದದ ಮೇಲೆ. ಪಾನೀಯ ಬಿಸಿ ಇರುವಾಗಲೇ ತುಂಬಿ ಮುಚ್ಚುತ್ತಾರೆ, ಆರಿದ ಮೇಲೆ ಮುಚ್ಚಳದ ನಡುಭಾಗ ಒಳಗೆ ಎಳೆದುಕೊಳ್ಳುತ್ತೆ, ತೆಗೆದಾಗ ಮೇಲೆ ಹಾರುತ್ತೆ ಅಂತ ಹೇಳಿದೆ. ಉಪ್ಪಿನಕಾಯಿ ಹಾಕುವ ಕೈ ಅಲ್ವಾ, ತಕ್ಷಣ ಅರ್ಥವಾಯಿತು. ಶುರುವಿನಲ್ಲಿ ಇವರ ಸೇಬಿನ ರಸ ಹುಳಿ ಬಂದು ಮುಚ್ಚಳಗಳೇ ಹಾರಿದ್ದವಂತೆ ಅಂದೆ. "ಆಗದೇ ಇರುತ್ತಾ" ಅಂದಳು, ತನ್ನ ಅಡುಗೆಮನೆಯಲ್ಲೇ ಆದ ಹಾಗೆ.

ಇದು ಇಲ್ಲಿನದೇ ಕಂಪನಿ. 1972ರಲ್ಲಿ ಲಾಂಗ್ ಐಲೆಂಡ್‌ನಲ್ಲಿ ಮೂವರು ಶುರು ಮಾಡಿದ್ದು. ಅದರಲ್ಲಿ ಇಬ್ಬರದು ಕಿಟಕಿ ತೊಳೆಯುವ ಕೆಲಸ, ಒಬ್ಬರದು ಅಂಗಡಿ. ಟೀ ಬಂದಿದ್ದು 1987ರಲ್ಲಿ. ಇದೆಲ್ಲ ಅಮ್ಮನಿಗೆ ಅಷ್ಟೇನೂ ಹಿಡಿಸಲಿಲ್ಲ. ಆದರೆ ಓಟ್ಸ್ ಮಾಡುವ ಕ್ವೇಕರ್‌ನವರು 1994ರಲ್ಲಿ ಇದನ್ನು 170 ಕೋಟಿ ಡಾಲರ್‌ಗೆ ಕೊಂಡು, 1997ರಲ್ಲಿ 30 ಕೋಟಿಗೆ ಮಾರಿದರು ಅಂದಾಗ ಬಾಟಲಿ ಬಾಯಿಂದ ಇಳಿಯಿತು. ಡಾಕ್ಟರ್ ಹೇಳಿದ್ದಕ್ಕೆ ದಿನಾ ಓಟ್ಸ್ ತಿನ್ನುವವಳು ಅವಳು. "ಅಷ್ಟು ಲುಕ್ಸಾನಾ? ಗಂಜಿ ಮಾರಿಕೊಂಡು ಸುಮ್ನೆ ಇರಬಾರದಿತ್ತಾ?"

ಮುಚ್ಚಳದ ಒಳಗೆ ಒಂದು ಸಾಲು ಅಚ್ಚಾಗಿತ್ತು. 2002ರಿಂದ ಹೀಗೆ ಏನಾದರೊಂದು ಸಂಗತಿ ಬರೆದಿರುತ್ತಾರೆ. ಗೋಲ್ಡ್‌ಫಿಶ್‌ಗೆ ಮೂರೇ ಸೆಕೆಂಡ್ ಗಮನ ಇರುತ್ತೆ ಅಂತಿತ್ತು ನಮ್ಮದರಲ್ಲಿ. ಓದಿ ಹೇಳಿದೆ. "ನಿಮ್ಮಪ್ಪನ ಹಾಗೆ" ಅಂದಳು. (ಮುಚ್ಚಳದಲ್ಲಿ ಬರೆದಿದ್ದನ್ನೆಲ್ಲ ನಂಬಬೇಕಾಗಿಲ್ಲ ಬಿಡಿ. ಅಪ್ಪನ ವಿಷಯ ಬೇರೆ.)

ಬಾಟಲಿ ಎಸೆಯಲು ಹೊರಟರೆ ಕೈ ಹಿಡಿದಳು. ದಪ್ಪ ಗಾಜು, ಅಗಲ ಬಾಯಿ, ಸೌಟು ಹೋಗುವಷ್ಟು ಅಲ್ಲದಿದ್ದರೂ ಚಮಚ ಹೋಗುತ್ತೆ. ಮನೆಯಲ್ಲಿ ತೊಳೆದು, ಟವೆಲ್‌ನಲ್ಲಿ ಸುತ್ತಿ, ಸೂಟ್‌ಕೇಸಿನ ನಡುವೆ ಇಟ್ಟಳು. ಸ್ವೆಟರ್ ನನ್ನ ಮನೆಯಲ್ಲೇ ಉಳಿಯಿತು, ಜಾಗ ಇಲ್ಲ ಅಂತ.

ಮುಂದಿನ ಬೇಸಿಗೆಯಲ್ಲಿ ಫೋನ್ ಬಂತು. ಹಾಲು ಹಾಕದ ಟೀ, ಸಕ್ಕರೆ, ನಿಂಬೆಹಣ್ಣು. ಬಾಟಲಿ ಒಡೆಯಬಾರದು ಅಂತ ಮೊದಲು ಬಿಸಿನೀರಲ್ಲಿ ಬೆಚ್ಚಗೆ ಮಾಡಿ, ಬಿಸಿ ಬಿಸಿ ಟೀ ತುಂಬಿ, ಮುಚ್ಚಳ ಬಿಗಿ ಮಾಡಿ ಇಟ್ಟಿದ್ದಳಂತೆ. ಆರಿದ ಮೇಲೆ ಫ್ರಿಜ್‌ಗೆ. ಪೀಚ್ ಹಾಸನದಲ್ಲಿ ಎಲ್ಲಿ ಹುಡುಕೋದು, ಚೂರು ಏಲಕ್ಕಿ ಹಾಕಿದ್ದಳು.

"ಟಪ್ ಅಂತಾ?" ಅಂದೆ.

"ಜೋರಾಗಿ ಏನಲ್ಲ. ಅಂತು. ಪಕ್ಕದ ಮನೆಯವಳು ಎದುರಿಗೇ ಕೂತಿದ್ದಳು. ಇದು ಅಮೆರಿಕದ್ದಾ ಅಂದಳು."

"ನೀನೇನಂದೆ?"

"ಹೂಂ ಅಂದೆ."