ಟ್ಯಾಂಕ್ ತುಂಬಿದರೆ ಕೂಗುವ ಡಬ್ಬಿ

ಒಂಬತ್ತನೇ ತರಗತಿಯವರಿಗೆ ವಿನ್ಯಾಸ ಮತ್ತು ತಂತ್ರಜ್ಞಾನ ಕಲಿಸುವಾಗ ಮೊದಲ ಪ್ರಾಜೆಕ್ಟ್ ರೋಬೋ ಆಗಬಾರದು, ಶಾಲೆಯ ನೀರಿನ ಟ್ಯಾಂಕಿನ ಅಲಾರಂ ಆಗಬೇಕು. ಕೇಂದ್ರ ಸರ್ಕಾರದ ಯೋಜನೆಯ ಅಟಲ್ ಟಿಂಕರಿಂಗ್ ಲ್ಯಾಬ್ ಇರುವ ಶಾಲೆಗಳಲ್ಲಿ ಆರ್ಡುಯಿನೋ ಎಂಬ ಕೋಡ್ ಹಾಕುವ ಪುಟ್ಟ ಬೋರ್ಡು, ತ್ರೀಡಿ ಪ್ರಿಂಟರ್ ಎಲ್ಲ ಬಂದು ಕೂತಿರುತ್ತವೆ ನಿಜ. ಆದರೆ ಯಾರೋ ಬರೆದ ಕೋಡ್ ಹಾಕಿ ಕಾರು ಓಡಿಸಿದ ಹುಡುಗನಿಗೆ ಅದು ನಿಂತಾಗ ಎಲ್ಲಿ ನೋಡಬೇಕೆಂದು ತಿಳಿಯುವುದಿಲ್ಲ. ಅಲಾರಂಗೆ ಕೋಡ್ ಬೇಡ: ಟ್ಯಾಂಕಿನೊಳಗಿನ ಎರಡು ಲೋಹದ ತುದಿಗಳನ್ನು (ಪ್ರೋಬ್) ನೀರು ಮುಟ್ಟಿದಾಗ ಕರೆಂಟ್ ಹರಿದು ಬಝರ್ ಕೂಗುತ್ತದೆ. ಉದ್ದದ ತಂತಿ ಬಿಟ್ಟರೆ ಸಾಮಾನೆಲ್ಲ ನೂರು ರೂಪಾಯಿಯೊಳಗೆ ಬರುತ್ತದೆ. ಸರ್ಕ್ಯೂಟ್ ಅರ್ಧ ಗಂಟೆಯ ಕೆಲಸ, ಉಳಿದ ಹೊತ್ತೆಲ್ಲ ಅದರ ಸುತ್ತಲಿನ ಯೋಚನೆಗೆ.

ಒಂದು ಶನಿವಾರದ ಬೆಳಗಿನ ಕ್ಲಾಸು ಲ್ಯಾಬಿನಲ್ಲಲ್ಲ, ಅಂಗಳದಲ್ಲಿ ಶುರುವಾಯಿತು. ಮೋಟಾರ್ ಸ್ವಿಚ್ ಎಲ್ಲಿದೆ, ಅದನ್ನು ಹಾಕುವವರು ಯಾರು, ತುಂಬಿತೆಂದು ಈಗ ಹೇಗೆ ಗೊತ್ತಾಗುತ್ತದೆ? ಡಬ್ಬಿಯನ್ನು ಹೆಡ್‌ಮಾಸ್ಟರ್ ಕೋಣೆಯಲ್ಲಿಡೋಣ ಎಂದಿದ್ದ ಗುಂಪು, ಸ್ವಿಚ್ ಇರುವುದು ಬಿಸಿಯೂಟದ ಅಡುಗೆಮನೆಯ ಗೋಡೆಯ ಮೇಲೆ ಎಂದು ಕಂಡ ಮೇಲೆ ಮಾತು ಬದಲಿಸಿತು. ಆಗ ಒಬ್ಬ ಹುಡುಗಿ ಕೇಳಿದಳು: "ಸರ್, ಕುಕ್ಕರ್ ಕೂಗೋವಾಗ ನಮ್ ಬಝರ್ ಯಾರಿಗೆ ಕೇಳ್ಸತ್ತೆ?" ಹೀಗಾಗಿ ಬಝರಿನ ಜೊತೆಗೆ 1 ಕಿಲೋ ಓಮ್ ರೆಸಿಸ್ಟರ್ (ಕರೆಂಟ್ ತಗ್ಗಿಸುವ ಬಿಡಿಭಾಗ) ಹಾಕಿದ ಕೆಂಪು ಎಲ್‌ಇಡಿಯೂ ಸೇರಿತು.

ಮುಂದಿನದು ಅಳತೆ. ಪಂಪಿನ ನೀರನ್ನು 15 ಲೀಟರಿನ ಬಕೆಟ್ಟಿಗೆ ಬಿಟ್ಟು ಮೊಬೈಲ್ ಸ್ಟಾಪ್‌ವಾಚ್ ಹಿಡಿದರೆ 22 ಸೆಕೆಂಡ್, ಅಂದರೆ ನಿಮಿಷಕ್ಕೆ ಸುಮಾರು 40 ಲೀಟರ್. ಟ್ಯಾಂಕಿನ ವ್ಯಾಸ 1.1 ಮೀಟರ್. ಸಿಲಿಂಡರಿನ ಘನಫಲದ ಸೂತ್ರ ಹಾಕಿದರೆ ಒಂದು ಸೆಂಟಿಮೀಟರ್ ಎತ್ತರಕ್ಕೆ ಸುಮಾರು 9.5 ಲೀಟರ್. ಓವರ್‌ಫ್ಲೋ ಪೈಪಿಗಿಂತ 5 ಸೆಂ.ಮೀ. ಕೆಳಗೆ ಪ್ರೋಬ್ ಇಟ್ಟರೆ ಸ್ವಿಚ್ ಆರಿಸಲು ಸಿಗುವುದು ಒಂದು ನಿಮಿಷ ಚಿಲ್ಲರೆ, 10 ಸೆಂ.ಮೀ. ಇಟ್ಟರೆ ಎರಡು ನಿಮಿಷ ದಾಟುತ್ತದೆ. ಸಾಂಬಾರಿಗೆ ಒಗ್ಗರಣೆ ಹಾಕುತ್ತಿರುವವರು ಕೈ ಒರೆಸಿಕೊಂಡು ಬರಬೇಕಲ್ಲ, 10 ಸೆಂ.ಮೀ. ಎಂದೇ ತೀರ್ಮಾನವಾಯಿತು. ಟ್ಯಾಂಕಿನ ಮೇಲಿನ ಕೆಲಸ ದೊಡ್ಡವರದು. ಮಕ್ಕಳನ್ನು ಹತ್ತಿಸಕೂಡದು, ಮೋಟಾರಿನ 230 ವೋಲ್ಟ್ ಲೈನನ್ನು ಮುಟ್ಟಿಸಲೂಕೂಡದು.

ಆ ಎಲ್‌ಇಡಿ ಬಿಟ್ಟರೆ ಸರ್ಕ್ಯೂಟಿಗೆ ಬೇಕಾದದ್ದು ಒಂದು BC547 ಟ್ರಾನ್ಸಿಸ್ಟರ್ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹರಿಯಬಿಡುವ ಮೂರು ಕಾಲಿನ ಸ್ವಿಚ್), 10 ಕಿಲೋ ಓಮ್ ರೆಸಿಸ್ಟರ್, ಬಝರ್, 9 ವೋಲ್ಟ್ ಬ್ಯಾಟರಿ. ಟ್ರಾನ್ಸಿಸ್ಟರಿನ ಚಪ್ಪಟೆ ಮುಖ ನಮ್ಮ ಕಡೆಗಿದ್ದು ಕಾಲುಗಳು ಕೆಳಗಿದ್ದರೆ ಎಡದಿಂದ ಕಲೆಕ್ಟರ್, ಬೇಸ್, ಎಮಿಟರ್. ಬ್ಯಾಟರಿ ಪ್ಲಸ್ಸಿನಿಂದ ಬಝರ್ ಪ್ಲಸ್ಸಿಗೆ, ಬಝರ್ ಮೈನಸ್ಸಿನಿಂದ ಕಲೆಕ್ಟರಿಗೆ, ಎಮಿಟರ್ ಬ್ಯಾಟರಿ ಮೈನಸ್ಸಿಗೆ. ಒಂದು ಪ್ರೋಬ್ ನೇರ ಪ್ಲಸ್ಸಿಗೆ, ಇನ್ನೊಂದು 10 ಕಿಲೋ ಓಮ್ ದಾಟಿ ಬೇಸಿಗೆ. ಆ ರೆಸಿಸ್ಟರನ್ನು ಬಿಟ್ಟರೂ ನೀರಿನಲ್ಲಿ ಅಲಾರಂ ಕೂಗುತ್ತದೆ. ಆದರೆ ಎರಡು ಪ್ರೋಬ್ ಒಂದಕ್ಕೊಂದು ತಾಕಿದ ಕ್ಷಣ ಟ್ರಾನ್ಸಿಸ್ಟರ್ ಸುಡುತ್ತದೆ, ಮಕ್ಕಳು ತಾಕಿಸದೆ ಬಿಡುವುದಿಲ್ಲ.

ಕೂಗದಿದ್ದರೆ ಹುಡುಕುವ ಜಾಗಗಳು ನಾಲ್ಕೈದೇ. ಕಲೆಕ್ಟರ್-ಎಮಿಟರ್ ಅದಲುಬದಲು. ಬೆಸುಗೆಯಿಲ್ಲದೆ ತಂತಿ ಸಿಕ್ಕಿಸುವ ತೂತಿನ ಹಲಗೆಯೇ ಬ್ರೆಡ್‌ಬೋರ್ಡ್; ದೊಡ್ಡ ಬ್ರೆಡ್‌ಬೋರ್ಡುಗಳಲ್ಲಿ ಅಂಚಿನ ಕೆಂಪು-ನೀಲಿ ಸಾಲು ಎಷ್ಟೋ ಸಲ ನಡುವೆ ತುಂಡಾಗಿರುತ್ತದೆ. ಗೆರೆ ಅಲ್ಲಿ ಕಡಿದಿದೆಯೇ ನೋಡಿ. ಕಂದು-ಕಪ್ಪು-ಕಿತ್ತಳೆಯ 10 ಕಿಲೋ ಓಮ್ ಮತ್ತು ಕಂದು-ಕಪ್ಪು-ಕೆಂಪಿನ 1 ಕಿಲೋ ಓಮ್ ಟ್ಯೂಬ್‌ಲೈಟಿನಲ್ಲಿ ಒಂದೇ ಥರ ಕಾಣುತ್ತವೆ, ಕಣ್ಣು ನಂಬದೆ ಮಲ್ಟಿಮೀಟರ್ ಹಿಡಿಯಬೇಕು. ಬ್ಯಾಟರಿ ಕೊಟ್ಟಾಗ ಟಕ್ ಎಂದು ಸುಮ್ಮನಾದರೆ ಅದು ಬಝರಲ್ಲ, ಬರೀ ಪೀಝೋ ಬಿಲ್ಲೆ. ಒಳಗೇ ಆಸಿಲೇಟರ್ (ಸದ್ದಿಗೆ ಬೇಕಾದ ಕಂಪನ ಹುಟ್ಟಿಸುವ ಸರ್ಕ್ಯೂಟ್) ಇರುವ ಆ್ಯಕ್ಟಿವ್ ಬಝರೇ ಬೇಕು. ಇಷ್ಟನ್ನೂ ಮೇಷ್ಟ್ರು ತೋರಿಸಿಬಿಟ್ಟರೆ ಕ್ಲಾಸು ಬೇಗ ಮುಗಿಯುತ್ತದೆ, ಕಲಿಕೆಯೂ ಅಲ್ಲಿಗೇ ಮುಗಿಯುತ್ತದೆ. ಮೀಟರನ್ನು ಅವರ ಕೈಗೆ ಕೊಟ್ಟು, ಬ್ಯಾಟರಿಯಿಂದ ಶುರುಮಾಡಿ ವೋಲ್ಟೇಜ್ ಎಲ್ಲಿಯವರೆಗೆ ಬಂದಿದೆ ನೋಡಿ ಎಂದರೆ ಸಾಕು.

ಗುಂಪಿಗೆ ನಾಲ್ವರು, ಪ್ರತಿ ಇಪ್ಪತ್ತು ನಿಮಿಷಕ್ಕೆ ಕೆಲಸ ಬದಲು. ಈ ನಿಯಮವಿಲ್ಲದಿದ್ದರೆ ಸೋಲ್ಡರಿಂಗ್ ಐರನ್ ಹುಡುಗರ ಕೈಯಲ್ಲಿ, ರೆಕಾರ್ಡ್ ಪುಸ್ತಕ ಹುಡುಗಿಯರ ಕೈಯಲ್ಲಿ ಉಳಿಯುತ್ತದೆ. 25 ವಾಟ್ ಐರನ್ ಸಾಕು. ಟ್ರಾನ್ಸಿಸ್ಟರ್ ಕಾಲಿನ ಮೇಲೆ ಎರಡು ಮೂರು ಸೆಕೆಂಡಿಗಿಂತ ಹೆಚ್ಚು ಒತ್ತಬಾರದು, ಕಣ್ಣು ಕಾಯುವ ಕನ್ನಡಕ ತೆಗೆಯಬಾರದು.

ಬಕೆಟ್ಟಿನಲ್ಲಿ ಗೆದ್ದದ್ದು ಟ್ಯಾಂಕಿನಲ್ಲಿ ಬೇರೆಯೇ ಆಟ ಆಡುತ್ತದೆ. ಬೋರ್‌ವೆಲ್ ನೀರಿನಲ್ಲಿ ಲವಣ ಜಾಸ್ತಿ, ಕರೆಂಟ್ ಸಲೀಸಾಗಿ ಹರಿಯುತ್ತದೆ. ಅದೇ ಸರ್ಕ್ಯೂಟ್ ಮಳೆನೀರಿನಲ್ಲೋ ಫಿಲ್ಟರ್ ನೀರಿನಲ್ಲೋ ಕುಂಯ್‌ಗುಡುತ್ತದೆ, ಆಗ ಪ್ರೋಬ್‌ಗಳನ್ನು ಹತ್ತಿರ ತರಬೇಕು. ಉದ್ದದ ತಂತಿ ಮೋಟಾರ್ ಲೈನಿಗೆ ಅಂಟಿಕೊಂಡು ಬಂದರೆ ಖಾಲಿ ಟ್ಯಾಂಕಿಗೂ ಬಝರ್ ಸಣ್ಣಗೆ ಗುರುಗುಡುವುದುಂಟು. ಬೇಸ್ ಮತ್ತು ಎಮಿಟರ್ ನಡುವೆ 104 ಎಂದು ಬರೆದಿರುವ ಕೆಪಾಸಿಟರ್ ಹಾಕಿ, ತಂತಿಯನ್ನು ಬೇರೆ ದಾರಿಯಲ್ಲಿ ತನ್ನಿ. ಪ್ರೋಬಿಗೆ ತಾಮ್ರ ಬೇಡ. ಪ್ಲಸ್ ಕಡೆಯದು ಹಸಿರುಗಟ್ಟಿ ಸವೆಯುತ್ತದೆ. ಸ್ಟೇನ್‌ಲೆಸ್ ಸ್ಟೀಲ್ ಸ್ಕ್ರೂ ಹಾಕಿ.

ಇಷ್ಟಾದ ಮೇಲೆ ಯಾವುದಾದರೂ ಗುಂಪು ಸಂಪು ಖಾಲಿಯಾದಾಗ ಕೂಗುವಂತೆ ಮಾಡೋಣ ಎನ್ನುತ್ತದೆ. ರೆಸಿಸ್ಟರನ್ನು ಪ್ಲಸ್ಸಿಗೆ, ಪ್ರೋಬ್‌ಗಳನ್ನು ಬೇಸ್-ಎಮಿಟರ್ ನಡುವೆ ಬದಲಾಯಿಸಿ ನೋಡುತ್ತಾರೆ, ನೀರಿದ್ದರೂ ಅದು ಕೂಗುತ್ತಲೇ ಇರುತ್ತದೆ. ಬೇಸನ್ನು 0.6 ವೋಲ್ಟಿಗಿಂತ ಕೆಳಗೆ ಎಳೆಯುವಷ್ಟು ನೀರು ಒಳ್ಳೆಯ ವಾಹಕವಲ್ಲ. ಎರಡನೇ ಟ್ರಾನ್ಸಿಸ್ಟರ್ ಬೇಕು: ಪ್ರೋಬ್‌ಗಳನ್ನು ಮತ್ತೆ ಮೊದಲಿನಂತೆಯೇ ಇಟ್ಟು, ಮೊದಲನೆಯದರ ಕಲೆಕ್ಟರನ್ನು 10 ಕಿಲೋ ಓಮ್ ಮೂಲಕ ಪ್ಲಸ್ಸಿಗೆ ಕೊಟ್ಟು, ಅಲ್ಲಿಂದಲೇ ಎರಡನೆಯದರ ಬೇಸಿಗೆ ತಂತಿ; ಬಝರ್ ಈಗ ಎರಡನೆಯದರ ಕಲೆಕ್ಟರಿಗೆ, ಅದರ ಎಮಿಟರ್ ಮೈನಸ್ಸಿಗೆ. ಕೆಲಸ ಮಾಡುತ್ತದೆ. ಆದರೆ ನೀರಿರುವಷ್ಟು ಹೊತ್ತೂ ಸುಮಾರು ಒಂದು ಮಿಲಿಆಂಪಿಯರ್ ಹರಿಯುವುದರಿಂದ 9 ವೋಲ್ಟ್ ಬ್ಯಾಟರಿ ಎರಡು ಮೂರು ವಾರಕ್ಕೆ ಸತ್ತಿರುತ್ತದೆ, ಸದಾ ನೀರಿನಲ್ಲಿರುವ ಪ್ರೋಬೂ ಬೇಗ ಹಾಳಾಗುತ್ತದೆ. ಅಡಾಪ್ಟರ್ ಹಾಕೋಣವೇ, ನೀರಿನ ಮೇಲೆ ತೇಲುವ ಫ್ಲೋಟ್ ಸ್ವಿಚ್ ಹುಡುಕೋಣವೇ ಎಂಬ ಜಗಳ ಮುಂದಿನ ಶನಿವಾರಕ್ಕೆ.