ಹದಿನಾಲ್ಕು ಜನಕ್ಕೆ ಒಂದೇ ಸೀರೆ

"ಹದಿನಾಲ್ಕು ಜನ ಸ್ಟಾಫಿಗೂ ಸೇರಿ ಒಂದೇ ಸೀರೆನೇನಮ್ಮ?"

ಮೊನ್ನೆ ಮಂಗಳವಾರ ಮೈಸೂರಿನ ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದ ಒಂದು ಆಫೀಸಿನಲ್ಲಿ ಕೇಳಿದ ಮಾತು. ಕೇಳಿದವರು ಓನರ್ ಹೆಂಡತಿ, ಕೇಳಿದ್ದು ಸೆಕ್ರೆಟರಿಯನ್ನ. ದನಿ ಏರಲಿಲ್ಲ. ತರಕಾರಿ ಲೆಕ್ಕ ಕೇಳಿದ ಹಾಗಿತ್ತು.

ಹೆಂಡತಿ ಪಾರ್ಟ್ನರ್ ಅಂತ ಡೀಡಿನಲ್ಲಿ ಬರೆಸಿಟ್ಟವರು ಸಾಮಾನ್ಯವಾಗಿ ಬ್ಯಾಲೆನ್ಸ್ ಶೀಟನ್ನ ಮನೆಗೇ ಕಳಿಸಿ ಸಹಿ ಹಾಕಿಸಿಕೊಳ್ಳುತ್ತಾರೆ. ಈ ಸಲ ಓನರ್ ಊರಲ್ಲಿರಲಿಲ್ಲ, ಆಡಿಟಿಗೆ ಸೆಪ್ಟೆಂಬರ್ 30ರ ಗಡುವು ಬೇರೆ. ಆಯಮ್ಮನೇ ಬಂದರು. ಕಾಫಿ ಬರುವಷ್ಟರಲ್ಲಿ ಖರ್ಚಿನ ಚೀಟಿಗಳ, ಅಂದರೆ ವೋಚರ್ ಫೈಲು ತಿರುವಿದರು.

ಫೆಬ್ರವರಿ ತಿಂಗಳ ವೋಚರ್: 'ಸ್ಟಾಫ್ ವೆಲ್ಫೇರ್, ಸೀರೆ 1'. ಬಿಲ್ಲು 26,000, ಜಿಎಸ್‌ಟಿ 1,300, ಒಟ್ಟು 27,300. ಸ್ಟಾಫ್ ವೆಲ್ಫೇರ್ ಅನ್ನೋ ಲೆಡ್ಜರ್ ವರ್ಷವಿಡೀ ಕಾಫಿ-ಟೀ, ಬಿಸ್ಕತ್ತಿನಲ್ಲೇ ಸಾಗಿ, ಆಯುಧಪೂಜೆ ತಿಂಗಳಲ್ಲಿ ಮಾತ್ರ ಮೇಲೇಳುತ್ತೆ. ಫೆಬ್ರವರಿಯಲ್ಲಿ ಎದ್ದರೆ ಯಾರ ಕಣ್ಣಿಗಾದರೂ ಬೀಳಲೇಬೇಕು. ಸಾಲದ್ದಕ್ಕೆ ಆ 1,300ಕ್ಕೆ ಇನ್‌ಪುಟ್ ಕ್ರೆಡಿಟ್ ಕೂಡ ತಗೊಂಡಿದ್ದಾರೆ ಮಹಾನುಭಾವರು! ಕೊಂಡಾಗ ಕೊಟ್ಟ ಜಿಎಸ್‌ಟಿಯನ್ನ ಆಫೀಸು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಮುರಿದುಕೊಳ್ಳೋ ಲೆಕ್ಕ ಅದು. ಸ್ವಂತಕ್ಕೆ ಕೊಂಡಿದ್ದಕ್ಕೂ, ಉಡುಗೊರೆ ಕೊಟ್ಟಿದ್ದಕ್ಕೂ ಆ ಕ್ರೆಡಿಟ್ ಸಿಗೋದಿಲ್ಲ.

ಓನರ್-ಸೆಕ್ರೆಟರಿ ನಡುವಿನ ಇಂಥ ಸಂಬಂಧಗಳು ಮೊಬೈಲಿನಲ್ಲಿ ಸಿಕ್ಕಿಬೀಳುತ್ತವೆ ಅಂತ ಜನ ಅಂದ್ಕೊಂಡಿದ್ದಾರೆ. ಮೆಸೇಜು ಅಳಿಸಬಹುದು. ವೋಚರ್‌ಗೆ ನಂಬರ್ ಇರುತ್ತೆ, ಮಧ್ಯದಲ್ಲೊಂದು ಹರಿದರೆ ಅದೇ ಕೂಗಿ ಹೇಳುತ್ತೆ. ಟ್ರಾವೆಲಿಂಗ್ ಫೈಲಿನಲ್ಲಿ 'ಬೆಂಗಳೂರು, ಪಾರ್ಟಿ ವಿಸಿಟ್' ಅಂತ ಹೈವೇ ಟೋಲು ಸೇರಿಸಿ ಬರೆದಿದೆ. ಫಾಸ್ಟ್ಯಾಗ್ ಸ್ಟೇಟ್‌ಮೆಂಟ್ ನೋಡಿದರೆ ಆವತ್ತು ಕಾರು ಬೆಂಗಳೂರು ದಾರಿಯ ಗಣಂಗೂರು ಟೋಲನ್ನೇ ದಾಟಿಲ್ಲ. ಹೋಟೆಲ್ ಖರ್ಚು 9,500, 9,800. ಒಬ್ಬರಿಗೆ ದಿನಕ್ಕೆ 10,000 ಮೀರಿ ನಗದು ಕೊಟ್ಟರೆ ಆದಾಯ ತೆರಿಗೆಯಲ್ಲಿ ಆ ಖರ್ಚು ಒಪ್ಪೋದಿಲ್ಲವಲ್ಲ, ಅದಕ್ಕೆ. ಕಳ್ಳತನದಲ್ಲೂ ಸೆಕ್ಷನ್ನು ನೆನಪಿರುತ್ತೆ ಇವರಿಗೆ.

ಎಲ್ಲ ವೋಚರ್ ಮೇಲೂ ಒಂದೇ ದುಂಡಗಿನ ಅಕ್ಷರ. ಬರೆದವಳು ಸೆಕ್ರೆಟರಿ. ಓನರ್‌ದು ಮೂಲೆಯಲ್ಲೊಂದು ಗೀಚು, ಅಷ್ಟೆ. ಆ ಗೀಚು ನಂದಲ್ಲ ಅಂತ ನಾಳೆ ಅವನು ಹೇಳಬಹುದು. ಅಕ್ಷರ ನಂದಲ್ಲ ಅಂತ ಅವಳು ಹೇಳೋಕಾಗುತ್ತಾ? ಅದನ್ನ ಲೆಕ್ಕದ ಸಾಫ್ಟ್‌ವೇರ್ ಟ್ಯಾಲಿಗೆ ಹೊಡೆದ ಅಕೌಂಟೆಂಟ್ ಮಹಾಶಯನಿಗೆ ಫೆಬ್ರವರಿಯಲ್ಲೇ ಎಲ್ಲ ಗೊತ್ತು. ನನ್ನ ಕೇಳಿದರೆ ಆ ಇಬ್ಬರಿಗಿಂತ ಬೆನ್ನಿಗೆ ನಾಲ್ಕು ಬೀಳಬೇಕಾದ್ದು ಇವನಿಗೆ.

2018ರ ಸೆಪ್ಟೆಂಬರ್ 27ರಂದು ಸುಪ್ರೀಂ ಕೋರ್ಟು ವ್ಯಭಿಚಾರದ ಮೇಲಿದ್ದ ಐಪಿಸಿ 497ನೇ ಕಲಮನ್ನ ತೆಗೆದುಹಾಕಿದ ಮೇಲೆ ಇದು ಅಪರಾಧವಲ್ಲ. ಹೆಂಡತಿ ಡೈವೋರ್ಸಿಗೆ ಹೋದರೆ ಕಾರಣವಾಗುತ್ತೆ. ಆದರೆ ಕೆಲಸ ಉಳಿಯಬೇಕಾದರೆ ಒಪ್ಪಲೇಬೇಕು ಅನ್ನೋ ಒತ್ತಡವಿದ್ದರೆ ಮಾತೇ ಬೇರೆ. ಹತ್ತು ಜನ ಕೆಲಸಕ್ಕಿದ್ದರೆ ಲೈಂಗಿಕ ಕಿರುಕುಳದ ದೂರು ಕೇಳೋಕೆ ಆಂತರಿಕ ದೂರು ಸಮಿತಿ ಇರಲೇಬೇಕು, ಸೀನಿಯರ್ ಮಹಿಳೆಯೇ ಅಧ್ಯಕ್ಷೆ. ಈ ಆಫೀಸಿನಲ್ಲೂ ಬೋರ್ಡಿದೆ, ಅದರ ಮೇಲಿರೋದು ಈ ಸೆಕ್ರೆಟರಿಯದೇ ಹೆಸರು! ದೂರು ಮಾಲೀಕನ ಮೇಲೇ ಆದರೆ ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗಬೇಕು, ಮೂರು ತಿಂಗಳೊಳಗೆ. ಬೋರ್ಡಿನಲ್ಲಿ ಆ ಸಾಲು ಇಲ್ಲ.

ಒಂದೇ ಸೀರೆನೇನಮ್ಮ? ಹುಡುಗಿ ಉತ್ತರ ಕೊಡಲಿಲ್ಲ. ಪಂಚಿಂಗ್ ಮಷೀನನ್ನ ಮೇಜಿನ ಆ ತುದಿಯಿಂದ ಈ ತುದಿಗೆ ಇಟ್ಟಳು. ಆಯಮ್ಮ ಕಾಫಿ ಮುಗಿಸಿ, "ಇದನ್ನ ನಮ್ಮೆಜಮಾನರ ಡ್ರಾಯಿಂಗ್ಸಿಗೆ ಹಾಕಿಬಿಡಿ" ಅಂತ ಅಕೌಂಟೆಂಟಿಗೆ ಹೇಳಿ, ಪೆನ್ನು ಮುಚ್ಚಿ, ಸಹಿ ಹಾಕದೆ ಎದ್ದರು.

ಡ್ರಾಯಿಂಗ್ಸ್ ಅಂದರೆ ಮಾಲೀಕ ಸ್ವಂತಕ್ಕೆ ತೆಗೆದುಕೊಂಡ ದುಡ್ಡು; ಲೆಕ್ಕದ ಪ್ರಕಾರ ಅದೇ ಸರಿಯಾದ ಎಂಟ್ರಿ. 1,300 ವಾಪಸ್ ಕಟ್ಟಬೇಕು, ಬಳಸಿಕೊಂಡಿದ್ದರೆ ಶೇ. 18 ಬಡ್ಡಿ ಸೇರಿಸಿ. ಅದಕ್ಕೊಂದು ಜರ್ನಲ್ ವೋಚರ್ ಬೇಕಲ್ಲ, ಅಕೌಂಟೆಂಟ್ ಖಾಲಿ ವೋಚರ್ ಪುಸ್ತಕವನ್ನ ಅಭ್ಯಾಸಬಲದಿಂದ ಅವಳ ಕಡೆಗೇ ತಳ್ಳಿದ.