ಹೂದಾನಿಯೊಳಗಿನ ಕಾಗದದ ವಿಮಾನ

ಊರಿಗೆ ಬಂದಾಗಲೆಲ್ಲ ಮೈಸೂರಿನ ಸರಸ್ವತಿಪುರಂನಲ್ಲಿರುವ ದೊಡ್ಡಮ್ಮನ ಮನೆಯಲ್ಲಿ ನಾಲ್ಕು ದಿನ ಉಳಿಯುವುದು ನನ್ನ ವಾಡಿಕೆ. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಹೈಸ್ಕೂಲಿನಲ್ಲಿ ಪಾಠ ಹೇಳಿ ನಿವೃತ್ತರಾದ ಅವರಿಗೆ ಬಾಸ್ಟನ್ನಿನ ನನ್ನ ದಿನಚರಿಯನ್ನು ಬಿಡಿಬಿಡಿಯಾಗಿ ಹೇಳಬೇಕು. ಈ ಡಿಸೆಂಬರಿನಲ್ಲಿ ಅಲ್ಲಿನ ಕಲಾ ಸಂಗ್ರಹಾಲಯದ ಸ್ವಯಂಸೇವಕರ ಮಾತು ಬಂದಾಗ, ಅವರೆಕಾಯಿ ಸುಲಿಯುತ್ತಿದ್ದ ಕೈ ನಿಲ್ಲಿಸಿ, "ಸಂಬಳ ಇಲ್ಲದೆ ಅಷ್ಟು ಹೊತ್ತು ನಿಂತು ಹೇಳ್ತಾರಾ? ಏನು ಸಿಗುತ್ತೆ ಕಣೇ ಅವರಿಗೆ?" ಎಂದು ಕೇಳಿದರು. ಅಂದು ಕೊಟ್ಟ ಅರೆಬರೆ ಉತ್ತರವನ್ನು ಇಲ್ಲಿ ಪೂರ್ತಿ ಮಾಡಬೇಕೆನಿಸಿದೆ.

ಗಂಡನ ಕೆಲಸದ ನಿಮಿತ್ತ ನಾನು ಅಮೆರಿಕಕ್ಕೆ ಹೋದದ್ದು ಎಚ್-4 ವೀಸಾದಲ್ಲಿ. ಸಂಬಳದ ಕೆಲಸ ಮಾಡಲು ನನಗೆ ಅನುಮತಿ ಇರಲಿಲ್ಲ. ಡಿಸೆಂಬರಿನಲ್ಲಿ ಸಂಜೆ ನಾಲ್ಕೂಕಾಲಿಗೇ ಸೂರ್ಯ ಮುಳುಗುವ ಊರು ಅದು. ದಿನವಿಡೀ ಮಾತನಾಡಲು ಯಾರೂ ಇಲ್ಲದ ಆ ಮೊದಲ ಚಳಿಗಾಲದಲ್ಲಿ ಬಡಾವಣೆಯ ಸಾರ್ವಜನಿಕ ಗ್ರಂಥಾಲಯವೇ ನನಗೆ ಆಸರೆಯಾಯಿತು. ಮ್ಯಾಸಚೂಸೆಟ್ಸ್ ರಾಜ್ಯದ ಗ್ರಂಥಾಲಯಗಳು ಪುಸ್ತಕಗಳ ಜೊತೆಗೆ ಸಂಗ್ರಹಾಲಯಗಳ ರಿಯಾಯಿತಿ ಪಾಸುಗಳನ್ನೂ ಕೊಡುತ್ತವೆ. ಅಂಥದೊಂದು ಪಾಸು ಹಿಡಿದು, ಗ್ರೀನ್ ಲೈನ್ ಟ್ರಾಮ್ ಹತ್ತಿ, ಹಂಟಿಂಗ್ಟನ್ ಅವೆನ್ಯೂದಲ್ಲಿರುವ ಮ್ಯೂಸಿಯಂ ಆಫ್ ಫೈನ್ ಆರ್ಟ್ಸ್‌ಗೆ ಹೋದೆ. ಚಿತ್ರಕಲೆಯ ಬಗ್ಗೆ ಅಂಥ ಆಸಕ್ತಿಯೇನೂ ನನಗಿರಲಿಲ್ಲ. ಬೆಚ್ಚಗಿರುವ, ಜನರಿರುವ ಒಂದು ಜಾಗ ಬೇಕಿತ್ತು.

ಅಲ್ಲಿ ಸುಮಾರು ಏಳು ಅಡಿ ಚೌಕದ ಒಂದು ಚಿತ್ರದ ಮುಂದೆ, ಕೊರಳಿಗೆ ಗುರುತಿನ ಚೀಟಿ ಹಾಕಿಕೊಂಡ ಎಪ್ಪತ್ತು ದಾಟಿದ ಹೆಂಗಸೊಬ್ಬರು ಆರೇಳು ಜನರನ್ನು ನಿಲ್ಲಿಸಿಕೊಂಡಿದ್ದರು. ಅದು ಜಾನ್ ಸಿಂಗರ್ ಸಾರ್ಜೆಂಟ್ 1882ರಲ್ಲಿ ಬರೆದ, ಬಾಯ್ಟ್ ಎಂಬ ಕುಟುಂಬದ ನಾಲ್ವರು ಹೆಣ್ಣುಮಕ್ಕಳ ಚಿತ್ರ. ಆಕೆ ಕಲಾವಿದನ ಹೆಸರನ್ನಾಗಲಿ ಇಸವಿಯನ್ನಾಗಲಿ ಹೇಳದೆ, "ಇವರಲ್ಲಿ ಯಾರ ಮುಖ ನಿಮಗೆ ಸರಿಯಾಗಿ ಕಾಣುತ್ತಿಲ್ಲ?" ಎಂದು ಕೇಳಿ ಸುಮ್ಮನಾದರು. ಆ ಮೌನದಲ್ಲಿ ನಾನು ಮೊದಲ ಬಾರಿಗೆ ಒಂದು ಚಿತ್ರವನ್ನು ನಿಜವಾಗಿ ನೋಡಿದೆ. ನೆಲದ ಮೇಲೆ ಗೊಂಬೆ ಹಿಡಿದು ಕುಳಿತ ಚಿಕ್ಕವಳು ಬೆಳಕಿನಲ್ಲಿದ್ದಾಳೆ. ಹುಡುಗಿಯರು ದೊಡ್ಡವರಾದಂತೆಲ್ಲ ಕತ್ತಲೆಗೆ ಸರಿದಿದ್ದಾರೆ. ಹೂದಾನಿಗೆ ಒರಗಿ ಮುಖ ತಿರುಗಿಸಿಕೊಂಡವಳೇ ಎಲ್ಲರಿಗಿಂತ ಹಿರಿಯಳು.

ಚಿತ್ರದಲ್ಲಿರುವ ಆಳೆತ್ತರದ ಎರಡು ಜಪಾನೀ ಹೂದಾನಿಗಳು ಇಂದು ಆ ಚಿತ್ರದ ಅಕ್ಕಪಕ್ಕದಲ್ಲೇ ನಿಂತಿವೆ. ಆ ಕುಟುಂಬದಿಂದ ಅವು ಸಂಗ್ರಹಾಲಯಕ್ಕೆ ಬಂದಾಗ ಒಳಗೆ ಕಾಗದದ ವಿಮಾನ, ಟೆನಿಸ್ ಚೆಂಡು, ಬ್ಯಾಡ್ಮಿಂಟನ್ ಕಾಕ್‌ಗಳು, ರಿಬ್ಬನ್, ನಾಣ್ಯಗಳು ಮತ್ತು ಒಂದು ಗರಿ ಸಿಕ್ಕಿದವಂತೆ. ಇದನ್ನು ಹೇಳುವಾಗ ಆಕೆಯ ಮುಖದಲ್ಲಿ ಎಷ್ಟು ಸಂತೋಷವಿತ್ತೆಂದರೆ, ತಾನೇ ಕೈಹಾಕಿ ಆ ವಿಮಾನವನ್ನು ಹೊರತೆಗೆದಂತೆ ಕಾಣುತ್ತಿತ್ತು. ಅದೇ ಕಥೆಯನ್ನು ಅವರು ಅದೆಷ್ಟು ಬಾರಿ ಹೇಳಿದ್ದರೋ!

ಇಂಥವರನ್ನು ಅಲ್ಲಿ ಡೋಸೆಂಟ್ ಎನ್ನುತ್ತಾರೆ. ಕಲಿಸು ಎಂಬ ಅರ್ಥದ ಲ್ಯಾಟಿನ್ ಧಾತುವಿನಿಂದ ಬಂದ ಪದ ಅದು. ಪ್ರೇಕ್ಷಕರೊಡನೆ ನಿಂತು ಕಲಾಕೃತಿಗಳನ್ನು ವಿವರಿಸುವವರಿಗೆ ಆ ಹೆಸರನ್ನು ಬಳಕೆಗೆ ತಂದದ್ದು ಇದೇ ಬಾಸ್ಟನ್ ಸಂಗ್ರಹಾಲಯ, 1907ರ ಸುಮಾರಿಗೆ. ಅದರ ಹಿಂದಿದ್ದ ಕಾರ್ಯದರ್ಶಿ ಬೆಂಜಮಿನ್ ಐವ್ಸ್ ಗಿಲ್ಮನ್, ನೋಡಲು ಬಂದವರು ಗಾಜಿನ ಪೆಟ್ಟಿಗೆಗಳ ಮುಂದೆ ಬಗ್ಗಿ, ಕುಕ್ಕರಿಸಿ, ಕತ್ತು ಚಾಚಿ ಹೇಗೆ ದಣಿಯುತ್ತಾರೆಂಬುದನ್ನು ಛಾಯಾಚಿತ್ರಗಳ ಮೂಲಕ ತೋರಿಸಿ 1916ರಲ್ಲಿ ಲೇಖನ ಬರೆದವರು. ಬಂದವರ ಸೊಂಟನೋವನ್ನೂ ಲೆಕ್ಕಕ್ಕೆ ತೆಗೆದುಕೊಂಡ ಆ ಕಾಳಜಿ ನನಗೆ ಬಹಳ ದೊಡ್ಡದೆನಿಸುತ್ತದೆ.

ಮತ್ತೆ ಮತ್ತೆ ಹೋದಂತೆ ಆಕೆಯ ಪರಿಚಯ ಬೆಳೆಯಿತು. 1917ರಿಂದ 1947ರಲ್ಲಿ ತೀರಿಕೊಳ್ಳುವವರೆಗೂ ಕಲಾ ಇತಿಹಾಸಕಾರ ಆನಂದ ಕುಮಾರಸ್ವಾಮಿಯವರು ಇಲ್ಲಿನ ಭಾರತೀಯ ಕಲಾಸಂಗ್ರಹವನ್ನು ಬೆಳೆಸಿದರೆಂದು ನನಗೆ ಮೊದಲು ಹೇಳಿದವರು ಆಕೆಯೇ. ಆಗ ನಾನು, ಸೋದರಿ ನಿವೇದಿತಾ ಆರಂಭಿಸಿ ಅವರ ನಿಧನಾನಂತರ ಕುಮಾರಸ್ವಾಮಿಯವರು ಮುಗಿಸಿದ ಪುರಾಣಕಥೆಗಳ ಗ್ರಂಥಕ್ಕೆ ಚಿತ್ರ ಬರೆದವರಲ್ಲಿ ಕೆ. ವೆಂಕಟಪ್ಪನವರೂ ಒಬ್ಬರೆಂದೂ, ಮೈಸೂರು ಸಂಸ್ಥಾನದ ನೆರವಿನಿಂದ ಕಲ್ಕತ್ತೆಯಲ್ಲಿ ಅವನೀಂದ್ರನಾಥ ಟಾಗೋರರ ಬಳಿ ಕಲಿತ ಅವರು ನಮ್ಮ ಅರಮನೆಗೂ ಕೆಲಸ ಮಾಡಿದರೆಂದೂ ಹೇಳಿದೆ. ಆಕೆ ಕೈಚೀಲದಿಂದ ಸಣ್ಣ ಪುಸ್ತಕ ತೆಗೆದು ಹೆಸರನ್ನು ಅಕ್ಷರ ಅಕ್ಷರವಾಗಿ ಕೇಳಿ ಬರೆದುಕೊಂಡರು. ಮುಂದಿನ ತಿಂಗಳು ಭೇಟಿಯಾದಾಗ ಆ ಗ್ರಂಥವನ್ನು ಗ್ರಂಥಾಲಯದಿಂದ ತರಿಸಿ ಓದಿ ಮುಗಿಸಿದ್ದರು. ವೆಂಕಟಪ್ಪನವರ ಬಗ್ಗೆ ನನ್ನನ್ನು ಕೇಳಲು ಮೂರು ಪ್ರಶ್ನೆಗಳಿದ್ದವು, ಎರಡಕ್ಕೆ ನನ್ನ ಬಳಿ ಉತ್ತರವಿರಲಿಲ್ಲ. ಪರದೇಶದಲ್ಲಿ ಸುಮ್ಮನೆ ಕುಳಿತಿದ್ದ ನನ್ನಿಂದಲೂ ಯಾರಿಗೋ ತಿಳಿಯಬೇಕಾದದ್ದು ಏನೋ ಇದೆ ಎಂಬ ಭಾವನೆ ಅಂದು ಮೂಡಿತು. ಆ ವರ್ಷ ನನಗೆ ದೊರೆತ ಅತಿ ದೊಡ್ಡ ಸಹಾಯ ಅದು.

ವಸಂತದಲ್ಲಿ ಅಲ್ಲಿ ಆರ್ಟ್ ಇನ್ ಬ್ಲೂಮ್ ಎಂಬ ಹೂವಿನ ಹಬ್ಬ ನಡೆಯುತ್ತದೆ. 1976ರಲ್ಲಿ ಶುರುವಾದ ಇದರ ಭಾರವನ್ನು ಬಹುಮಟ್ಟಿಗೆ ಹೊರುವವರು ಸ್ವಯಂಸೇವಕರೇ. ಉದ್ಯಾನ ಸಂಘಗಳವರು ಒಂದೊಂದು ಕಲಾಕೃತಿಯನ್ನು ಆರಿಸಿಕೊಂಡು, ಅದರ ಬಣ್ಣ, ಬಾಗು, ಭಾವಗಳನ್ನು ಹೂಗಳಲ್ಲಿ ಕಟ್ಟಿ ಪಕ್ಕದಲ್ಲಿಡುತ್ತಾರೆ. ಹಬ್ಬದ ದಿನ ದೇವರಿಗೆ ಯಾವ ಹೂವು ಎಲ್ಲಿ ಒಪ್ಪುತ್ತದೆಂದು ಹೊತ್ತುಗಟ್ಟಲೆ ನೋಡುವ ನಮ್ಮ ಹೆಂಗಸರಿಗೆ ಅದರ ಸೊಗಸನ್ನು ಯಾರೂ ವಿವರಿಸಬೇಕಿಲ್ಲ.

ಇದಕ್ಕೆ ಇನ್ನೊಂದು ಮುಖವೂ ಇದೆ. ಪಿಂಚಣಿ ಮತ್ತು ಬಿಡುವು ಇರುವವರಷ್ಟೇ ಸಂಬಳವಿಲ್ಲದೆ ದುಡಿಯಬಲ್ಲರು. ಹೀಗಾಗಿ ಒಂದೇ ಬಗೆಯ ಜನ ಸೇರಿಕೊಳ್ಳುತ್ತಾರೆಂಬ ಆಕ್ಷೇಪವಿದೆ. ಷಿಕಾಗೋದ ಆರ್ಟ್ ಇನ್‌ಸ್ಟಿಟ್ಯೂಟ್ 2021ರಲ್ಲಿ ತನ್ನ ಡೋಸೆಂಟ್ ವ್ಯವಸ್ಥೆಯನ್ನು ನಿಲ್ಲಿಸಿ ಸಂಬಳದ ಶಿಕ್ಷಕರತ್ತ ತಿರುಗಿದ್ದರ ಹಿಂದೆ ಈ ಆಲೋಚನೆಯೂ ಇತ್ತು, ಆ ತೀರ್ಮಾನ ಬಹಳ ಚರ್ಚೆಗೂ ಒಳಗಾಯಿತು. ಆಕ್ಷೇಪ ನ್ಯಾಯವಾದದ್ದೇ. ಆದರೆ ವರ್ಷಗಟ್ಟಲೆ ಓದಿ ಸಿದ್ಧರಾದವರನ್ನು ಕಳಿಸುವುದಕ್ಕಿಂತ, ಅವರ ಸಾಲಿಗೆ ಹೊಸಬರನ್ನು ಸೇರಿಸಲು ದಾರಿ ಮಾಡುವುದು ಉತ್ತಮವೆಂದು ನನ್ನ ಅಭಿಪ್ರಾಯ.

ಇದನ್ನೆಲ್ಲ ಕೇಳಿದ ದೊಡ್ಡಮ್ಮ, "ಹಾಗಾದ್ರೆ ನಾಳೆ ಜಗನ್ಮೋಹನ ಅರಮನೆಗೆ ಹೋಗಿಬರೋಣ, ನಾನು ನೋಡಿ ಎಷ್ಟೋ ವರ್ಷ ಆಯ್ತು" ಎಂದರು. 1861ರಲ್ಲಿ ಕಟ್ಟಿದ ಆ ಅರಮನೆ 1915ರಿಂದ ಚಿತ್ರಶಾಲೆಯಾಗಿದೆ. ನಾವು ಹೋದ ದಿನ ಮಂಡ್ಯ ಕಡೆಯ ಶಾಲೆಯೊಂದರ ಮಕ್ಕಳು ಪ್ರವಾಸಕ್ಕೆ ಬಂದಿದ್ದರು. ದೀಪ ಹಿಡಿದ ಹೆಣ್ಣಿನ ಚಿತ್ರದ ಮುಂದೆ ಅವರು ಅರೆನಿಮಿಷ ನಿಂತರು. ಒಬ್ಬ ಹುಡುಗ "ರವಿವರ್ಮಂದು" ಎಂದು ಹೇಳಿ ಹೊರಟೇಬಿಟ್ಟ. ದೊಡ್ಡಮ್ಮ, "ನಿಂತ್ಕೊಳಪ್ಪ ಒಂದು ನಿಮಿಷ. ಬೆಳಕು ಎಲ್ಲಿಂದ ಬರ್ತಿದೆ ಹೇಳು ನೋಡೋಣ" ಎಂದರು. ದೀಪದಿಂದ ಎಂದ ಅವನು. "ದೀಪ ಕಾಣುತ್ತಾ?" ಎಂದಾಗ ಹಿಂತಿರುಗಿ ಬಂದು ನೋಡಿ, ಅವಳ ಕೈ ಅಡ್ಡ ಇದೆ, ಬೆರಳ ಸಂದಿಯಲ್ಲಿ ಕೆಂಪಾಗಿದೆ ಎಂದ. ಉಳಿದ ಮಕ್ಕಳೂ ಒಬ್ಬೊಬ್ಬರಾಗಿ ಹಿಂದಕ್ಕೆ ಬಂದರು. ಇದು ಎಸ್. ಎಲ್. ಹಳದಣಕರ್ ಅವರು 1940ರ ದಶಕದಲ್ಲಿ ಬರೆದ ಜಲವರ್ಣ ಚಿತ್ರವೆಂದೂ, ದೀಪ ಹಿಡಿದು ನಿಂತವಳು ಕಲಾವಿದರ ಮಗಳೇ ಎಂದೂ ನಾನು ಪಿಸುಗುಟ್ಟಿದ್ದನ್ನು ಅವರು ತರಗತಿಯ ದನಿಯಲ್ಲಿ ಮಕ್ಕಳಿಗೆ ಹೇಳಿದರು.

ಮನೆಗೆ ಬರುವ ದಾರಿಯಲ್ಲಿ ಆಟೋ ನಿಲ್ಲಿಸಿ, ಸ್ಟೇಷನರಿ ಅಂಗಡಿಯಲ್ಲಿ ಇನ್ನೂರು ಪುಟದ ಒಂದು ನೋಟ್‌ಬುಕ್ ಕೊಂಡರು. "ಆ ಹಳದಣಕರ್ ಹೆಸರು ಇನ್ನೊಂದು ಸಲ ಹೇಳು, ಬರ್ಕೊಳ್ತೀನಿ" ಎಂದರು.